ಸತ್ಯಾಂಶ: ‘ಮೊದಲ ಫೋಟೊ’ ಆ ಮನೆಯಲ್ಲಿಲ್ಲ

‘ಜಗತ್ತಿನ ಮೊದಲ ಫೋಟೊ 1839ರಲ್ಲಿ ಡಾಗೇರ್ ತೆಗೆದದ್ದು, ಫ್ರಾನ್ಸಿನ ಮ್ಯೂಸಿಯಂ ಮನೆಯಲ್ಲಿ ಈಗಲೂ ನೋಡಬಹುದು’ ಎಂಬ ಫಾರ್ವರ್ಡ್ ಮಸುಕಾದ ಚಿತ್ರವೊಂದರ ಜೊತೆ ಬರುತ್ತದೆ. ಮನೆ ಇರುವುದು ನಿಜ, ಉಳಿದದ್ದು ಕಲಸುಮೇಲೋಗರ.

1839 ಡಾಗೇರ್‌ನ ಫೋಟೊ ತೆಗೆಯುವ ವಿಧಾನ ಬಹಿರಂಗವಾದ ವರ್ಷ, ಅಷ್ಟೇ. ಆ ಚಿತ್ರ 1826–27ರ ಸುಮಾರಿನದು. ಕ್ಯಾಮೆರಾದಲ್ಲಿ ತೆಗೆದವುಗಳಲ್ಲಿ ಉಳಿದಿರುವ ಅತಿ ಹಳೆಯದು. ತೆಗೆದವನು ಫ್ರಾನ್ಸಿನವನೇ ಆದ ನಿಸೆಫೋರ್ ನಿಯೆಪ್ಸ್, ಸ್ಯಾಂ-ಲೂ-ದ-ವರೆನ್ ಹಳ್ಳಿಯ ತನ್ನ ಮನೆಯ (ಫಾರ್ವರ್ಡ್ ಹೇಳುವ ಮನೆ ಇದೇ) ಮಹಡಿ ಕಿಟಕಿಯಿಂದ. ತವರ ಬೆರೆತ ಲೋಹದ ತಗಡಿಗೆ ಬಿಟುಮೆನ್ (ಡಾಂಬರಿನ ಜಾತಿಯದೇ) ಸವರಿ ಕ್ಯಾಮೆರಾದೊಳಗಿಟ್ಟ. ಬಿಸಿಲು ತಾಕಿದಲ್ಲಿ ಅದು ಗಟ್ಟಿಯಾಯಿತು. ತಾಕದ ಕಡೆಯದನ್ನು ಲ್ಯಾವೆಂಡರ್ ಎಣ್ಣೆ ಕರಗಿಸಿತು. ಇದಕ್ಕೆ ‘ಎಂಟು ಗಂಟೆ ಬಿಸಿಲು ಹಿಡಿಯಿತು’ ಎಂದು ಹೇಳುವುದುಂಟು, ಅದೂ ಹಳೆಯ ಅಂದಾಜು. ಅದೇ ವಿಧಾನವನ್ನು ಮತ್ತೆ ಮಾಡಿನೋಡಿದ ಸಂಶೋಧಕರ ಪ್ರಕಾರ ಹಲವು ದಿನಗಳೇ ಬೇಕು.

ಡಾಗೇರ್ ನಿಯೆಪ್ಸ್‌ನ ಪಾಲುದಾರನಾದದ್ದು 1829ರಲ್ಲಿ. 1833ರಲ್ಲಿ ನಿಯೆಪ್ಸ್ ತೀರಿಕೊಂಡ, ಹೆಸರು ಡಾಗೇರ್‌ನದಾಯಿತು. ಅನ್ಯಾಯವೇ ಸರಿ.

ಆ ಮನೆಗೆ ಹೋದವರಿಗೆ ನಿಯೆಪ್ಸ್ ಕೆಲಸ ಮಾಡಿದ ಜಾಗ ಸಿಗುತ್ತದೆ, ತಗಡು ಸಿಗುವುದಿಲ್ಲ. ಅದಿರುವುದು ಅಮೆರಿಕದ ಆಸ್ಟಿನ್‌ನಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಸೆಂಟರ್‌ನಲ್ಲಿ. ಅಲ್ಲೂ ನೇರವಾಗಿ ನೋಡಿದರೆ ಹೊಳೆಯುವ ಖಾಲಿ ತಗಡು. ಓರೆಯಾಗಿ ನಿಂತರೆ ಮಾತ್ರ ಚಾವಣಿಗಳ ಗೆರೆ ಮೂಡುತ್ತದೆ. ಫಾರ್ವರ್ಡ್‌ಗಳಲ್ಲಿ ಸಾಮಾನ್ಯವಾಗಿ ಬರುವ ಚುಕ್ಕೆಚುಕ್ಕೆಯ ಕಪ್ಪುಬಿಳುಪು ಚಿತ್ರ 1952ರಲ್ಲಿ ತೆಗೆದ ಪ್ರತಿಯನ್ನು ಕೈಯಿಂದ ತಿದ್ದಿದ್ದು.