ದಾಳಿಂಬೆಯ ಏಳು ಕಾಳು

ನನ್ನ ಮಗಳಿಗೆ ಹದಿನಾಲ್ಕು ವರ್ಷ. ನಾವಿರುವುದು ಮ್ಯಾಂಚೆಸ್ಟರಿನಲ್ಲಿ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಹಿಡಿದು ಕೂತಳೆಂದರೆ ಅವಳು ಗ್ರೀಕರ ಪಾತಾಳದಲ್ಲಿರುತ್ತಾಳೆ. ಅಲ್ಲಿನ ರಾಣಿ ಪರ್ಸೆಫನಿಯ ಕತೆಯನ್ನು ತನಗೆ ಕಂಡ ಹಾಗೆ ಬರೆಯುತ್ತಿದ್ದಾಳೆ. ಇಲ್ಲಿನ ಮಕ್ಕಳು ಇದಕ್ಕೆ ಫ್ಯಾನ್ ಫಿಕ್ಷನ್ ಅನ್ನುತ್ತಾರೆ, ಚಿಕ್ಕದಾಗಿ 'ಫಿಕ್'.

ಪಾತಾಳದ ದೊರೆ ಹೇಡೀಸ್ ಪರ್ಸೆಫನಿಯನ್ನು ಹೊತ್ತೊಯ್ಯುತ್ತಾನೆ. ಅವಳ ತಾಯಿ ಡಿಮೀಟರ್ ಬೆಳೆಯ ದೇವತೆ. ಮಗಳಿಲ್ಲದ ಸಂಕಟಕ್ಕೆ ಭೂಮಿಯಲ್ಲಿ ಒಂದು ಕಾಳೂ ಮೊಳೆಯದ ಹಾಗೆ ಮಾಡುತ್ತಾಳೆ. ಕೊನೆಗೆ ಮಗಳು ಹಿಂದಿರುಗುತ್ತಾಳೆ. ಆದರೆ ಪಾತಾಳದ ದಾಳಿಂಬೆ ತಿಂದಿದ್ದಾಳೆ, ಹಾಗಾಗಿ ವರ್ಷದಲ್ಲಿ ಕೆಲವು ತಿಂಗಳು ಅಲ್ಲಿಗೇ ಮರಳಬೇಕು. ನನ್ನ ಮಗಳ ಪರ್ಸೆಫನಿ ಹಣ್ಣು ಬಿಡಿಸಿ ಕಾಳುಗಳನ್ನು ಅಂಗೈಯಲ್ಲಿಟ್ಟು ಎಣಿಸುತ್ತಾಳೆ. ಬೆರಳ ಸಂದಿಯಲ್ಲಿ ಕೆಂಪು ರಸ ಇಳಿಯುತ್ತದೆ. ಒಂದು ಕಾಳಿಗೆ ಒಂದು ತಿಂಗಳು ಎಂದು ಗೊತ್ತಿದ್ದೇ ತಿನ್ನುತ್ತಾಳೆ. ಅವಳಿಗೆ ಎರಡೂ ಮನೆ ಬೇಕು.

"ಮೂಲದಲ್ಲಿ ಹೀಗಿಲ್ವಲ್ಲ ಪುಟ್ಟಾ" ಅಂದೆ. "ಯಾವ ಮೂಲ ಅಪ್ಪಾ?" ಅಂದಳು.

ಹುಡುಕಿ ಓದಿದೆ. ಹೋಮರನ ಹೆಸರಿನಲ್ಲಿರುವ ಹಳೆಯ ಸ್ತೋತ್ರದಲ್ಲಿ, ಹೇಡೀಸ್ ಬಲವಂತವಾಗಿ ಕಾಳು ತಿನ್ನಿಸಿದ ಎಂದು ಪರ್ಸೆಫನಿ ತಾಯಿಯ ಹತ್ತಿರ ಹೇಳುತ್ತಾಳೆ. ರೋಮಿನ ಕವಿ ಓವಿಡ್ ಅದೇ ಕತೆ ಹೇಳುವಾಗ ಅವಳೇ ತೋಟದಲ್ಲಿ ಹಣ್ಣು ಕಿತ್ತು ಏಳು ಕಾಳು ತಿನ್ನುತ್ತಾಳೆ. ಇನ್ನೊಂದು ಕೃತಿಯಲ್ಲಿ ಅದೇ ಓವಿಡ್ ಮೂರೇ ಕಾಳು ಅನ್ನುತ್ತಾನೆ! ಟ್ರಾಯ್ ಯುದ್ಧಕ್ಕೆ ಹೋದ ಗಂಡನಿಗೆ ಪೆನೆಲೊಪಿ ಬರೆದ ಕಾಗದ, ಸೆರೆಯಾದ ಬ್ರೈಸಿಸ್ ಗ್ರೀಕ್ ವೀರ ಅಕಿಲೀಸನಿಗೆ ಬರೆದ ಕಾಗದ, ಇವನ್ನೆಲ್ಲ ಕಲ್ಪಿಸಿ ಬರೆದವನೂ ಅವನೇ. ಮಗಳು ಮಾಡುತ್ತಿರುವುದು ಇದನ್ನೇ ಅಲ್ವಾ?

ಊರಿನ ಗೆಳೆಯರಿಗೆ ಇದನ್ನು ಹೇಳಿದರೆ ಒಂದೇ ಉತ್ತರ ಬರುತ್ತದೆ. "ಅವರ ದೇವರಿಗೆ ಈಗ ಪೂಜೆ ಇಲ್ಲ ಮಾರಾಯಾ, ಹೇಗೆ ಬೇಕಾದರೂ ಬರೆಯಬಹುದು. ನಮ್ಮದು ಹಾಗಲ್ಲ." ಈ ಮಾತು ನನಗೆ ಒಪ್ಪಿಗೆಯಿಲ್ಲ. ಕ್ರಿ.ಪೂ. 412ರಲ್ಲಿ ಗ್ರೀಕ್ ನಾಟಕಕಾರ ಯೂರಿಪಿಡೀಸ್ ಒಂದು ನಾಟಕ ಆಡಿಸಿದ. ಟ್ರಾಯ್ ಯುದ್ಧಕ್ಕೆ ಕಾರಣಳೆನ್ನುವ ಹೆಲೆನ್ ಅದರಲ್ಲಿ ಟ್ರಾಯ್‌ಗೆ ಹೋಗಿಯೇ ಇಲ್ಲ. ಅಲ್ಲಿದ್ದದ್ದು ಅವಳ ಮಾಯಾರೂಪ, ನಿಜವಾದ ಹೆಲೆನ್ ಇದ್ದದ್ದು ಈಜಿಪ್ಟಿನಲ್ಲಿ. ಆಗ ಅಥೆನ್ಸಿನ ಗುಡಿಗಳಲ್ಲಿ ಪೂಜೆ ಜೋರಾಗಿಯೇ ನಡೆಯುತ್ತಿತ್ತು. ಅಲ್ಲಿ ನಾಟಕ ಆಡುತ್ತಿದ್ದದ್ದೇ ಡಯನೈಸಸ್ ದೇವರ ಉತ್ಸವದಲ್ಲಿ, ಅವನ ಗುಡಿಯ ಪಕ್ಕದ ರಂಗದಲ್ಲಿ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮೂರ ದೇವಸ್ಥಾನದ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ನಾನು ಉಡುಪಿ ಕಡೆಯವನು. ಮಳೆಗಾಲದ ರಾತ್ರಿ ಅಜ್ಜನ ಪಕ್ಕ ಚಾಪೆಯ ಮೇಲೆ ಕೂತು ವಾಲಿವಧೆ ಕೇಳುತ್ತಿದ್ದೆ. ಭಾಗವತರು ಹಾಡುವ ಪದ ಪ್ರಸಂಗದಲ್ಲಿ ಇದ್ದದ್ದೇ. ಆದರೆ ಮಾತು ಪಾತ್ರವಾಗಿ ಮಾತಾಡುವ ಅರ್ಥಧಾರಿಗಳದ್ದು, ಅಲ್ಲೇ ಹುಟ್ಟಬೇಕು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ರಾಮನ ಪಾತ್ರ ವಹಿಸಿದವರು ಎದುರಿಗೇ ಕೂತಿರುತ್ತಾರೆ, ಉತ್ತರ ಕೊಡಲೇಬೇಕು. ಒಂದು ವರ್ಷದ ವಾಲಿ ಇನ್ನೊಂದು ವರ್ಷದ ವಾಲಿಯಲ್ಲ. ದೇವರ ಎದುರೇ ಇಷ್ಟು ಸ್ವಾತಂತ್ರ್ಯ ಇತ್ತು, ಯಾರಿಗೂ ತಪ್ಪು ಅನಿಸಿರಲಿಲ್ಲ.

ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲೇ ಗ್ರೀಕ್ ನಾಟಕಕಾರ ಸೊಫೊಕ್ಲೀಸನ ಏಜಾಕ್ಸ್ ನಾಟಕವನ್ನು ಮಹಾಭಾರತಕ್ಕೆ ತಂದು 'ಅಶ್ವತ್ಥಾಮನ್' ಮಾಡಿದರು. ಗ್ರೀಕ್ ವೀರನ ಸಂಕಟವನ್ನು ನಮ್ಮ ಗುರುಪುತ್ರನಿಗೆ ಕೊಟ್ಟರು. ಎಂಥ ಧೈರ್ಯ!

ಇಲ್ಲಿನ ಮಕ್ಕಳು ಫಿಕ್ ಬರೆಯುವ ರೀತಿಯಲ್ಲಿ ನನಗೆ ತುಂಬ ಹಿಡಿಸಿದ್ದು, ಬರೆಯಲು ಯಾರ ಅಪ್ಪಣೆಯೂ ಬೇಡ ಎಂಬುದು. ಇಂಥ ಕತೆಗಳಿಗೆ ಆರ್ಕೈವ್ ಆಫ್ ಅವರ್ ಓನ್ ಎಂಬ ದೊಡ್ಡ ಆನ್‌ಲೈನ್ ಸಂಗ್ರಹವಿದೆ. ಸ್ವಯಂಸೇವಕರೇ ನಡೆಸುತ್ತಾರೆ, ಜಾಹೀರಾತಿಲ್ಲ. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕತೆ, ಫ್ಯಾಂಟಸಿ ಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಕತೆಯ ತಲೆಯಲ್ಲೇ ಯಾರ ಕತೆ, ಏನು ಬದಲಾಗಿದೆ, ನೋವು ತರುವಂಥದ್ದು ಏನಿದೆ ಅಂತ ಬರೆದಿರುತ್ತಾರೆ. ಓದುವವರಿಗೆ ಕೊಡುವ ಆ ಮರ್ಯಾದೆ ನನಗೆ ಇಷ್ಟ. ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಅರ್ಥ ಹೇಳಲು ಕೂರುತ್ತಿದ್ದವರು ಹೆಚ್ಚಾಗಿ ಗಂಡಸರೇ. ವಾಲಿಯ ಹೆಂಡತಿ ತಾರೆಗೆ ಏನನಿಸಿತು ಎಂದು ನನ್ನ ಅಕ್ಕ ಹೇಳಬಹುದಿತ್ತು, ಅವಳನ್ನು ಯಾರೂ ಕೇಳಲಿಲ್ಲ.

ಆದರೆ ಎದುರಿಗೆ ಕೂತು ಉತ್ತರ ಕೊಡುವವರು ಇಲ್ಲಿಲ್ಲ. ಮಗಳ ಕತೆಗೆ ಬರುವುದೆಲ್ಲ ಹೊಗಳಿಕೆ. 'ಪರ್ಸೆಫನಿ ಬೇಕೆಂದೇ ತಿಂದಳು ಅಂದರೆ, ಹೊತ್ತೊಯ್ದವನ ತಪ್ಪು ಮಾಫಿ ಆಯಿತೇ?' ಅಂತ ಯಾರೂ ಕೇಳಲಿಲ್ಲ. ನಾನೇ ಡಿಮೀಟರ್ ಆಗಿ ಕೇಳಿದೆ. ಅಡುಗೆಮನೆಯಲ್ಲಿ ಒಂದು ಗಂಟೆ ವಾದ ನಡೆಯಿತು, ಅನ್ನ ತಣ್ಣಗಾಯಿತು. ಮರುದಿನ ಅವಳು ಆ ಅಧ್ಯಾಯವನ್ನು ಅಳಿಸಿ ಮೊದಲಿಂದ ಬರೆಯಲು ಕೂತಳು.

ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋಗುತ್ತೇವೆ. ಅಷ್ಟು ಹೊತ್ತಿಗೆ ಅಲ್ಲಿ ಮಳೆಗಾಲ. ವಾಲಿವಧೆ ಎಲ್ಲಿದೆ ಅಂತ ಈಗಲೇ ಅಕ್ಕನ ಹತ್ತಿರ ವಿಚಾರಿಸಿಟ್ಟಿದ್ದೇನೆ. ಮಗಳು ತಾರೆಯ ಬಗ್ಗೆ ಕೇಳಲು ಶುರು ಮಾಡಿದ್ದಾಳೆ.