ಹಕ್ಕಿಯ ಕಾಲುಂಗುರವೂ ನನ್ನ ಕಿರುಬೆರಳೂ

ಗೌರಿ ಗಣೇಶ ಹಬ್ಬ ಮುಗಿದು, ಹೊರಟೆ ಹೊರಟೆ ಎನ್ನುತ್ತಲೇ ಹೊಸ್ತಿಲಲ್ಲಿ ನಿಂತು ಮತ್ತೊಂದು ಗಂಟೆ ಮಾತನಾಡುವ ನೆಂಟರಂತೆ ಮಳೆ ಇನ್ನೂ ಕಾಲುತೆಗೆಯದಿರುವ ದಿನಗಳಲ್ಲಿ, ಆಲೂರು ತಾಲ್ಲೂಕಿನ ನಮ್ಮ ಮನೆಯ ಕಾಫಿ ಕಣಕ್ಕೆ ಪ್ರತಿ ವರ್ಷ ಒಂದು ಹಕ್ಕಿ ಬರುತ್ತದೆ. ಬೂದು ಬೆನ್ನು, ಹಳದಿ ಹೊಟ್ಟೆ, ಮೈಗೆ ಮೀರಿದ ಉದ್ದದ ಬಾಲ. ಆ ಬಾಲವನ್ನು ಅದು ಒಂದು ಗಳಿಗೆಯೂ ಸುಮ್ಮನಿಡುವುದಿಲ್ಲ. ಪುಸ್ತಕಗಳಲ್ಲಿ ಇದಕ್ಕೆ ಬೂದು ಸಿಪಿಲೆ ಎಂಬ ಮರ್ಯಾದೆಯ ಹೆಸರಿದೆ. ಊರಿನವರು ಕರೆಯುವುದು ಕುಂಡೆಕುಸ್ಕ ಎಂದು. 30 ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದ ನಾನು ಈ ಎರಡನೆಯ ಹೆಸರನ್ನು ತರಗತಿಯಲ್ಲಿ ಒಮ್ಮೆ ಮಾತ್ರ ಉಚ್ಚರಿಸಿದ್ದೇನೆ. ಅಂದಿನ ಉಳಿದ ಪಾಠವನ್ನು ಮರುದಿನ ಮುಗಿಸಬೇಕಾಯಿತು.

ಹಿಮಾಲಯದಲ್ಲೋ ಅದರಾಚೆಯ ಯಾವುದೋ ತಣ್ಣನೆಯ ತೊರೆಯ ದಂಡೆಯಲ್ಲೋ ಮರಿ ಮಾಡಿ, 20 ಗ್ರಾಮಿಗೂ ಕಡಿಮೆ ತೂಗುವ ಈ ಜೀವ ನಮ್ಮ ಕಣದವರೆಗೆ ಬರುವುದೇ ಒಂದು ಪವಾಡವಾಗಿರುವಾಗ, ಪ್ರತಿ ವರ್ಷ ಬರುವುದು ಅದೇ ಹಕ್ಕಿ ಎಂದು ಸಾಧಿಸಲು ಹೊರಟದ್ದು ನನ್ನ ತಪ್ಪು. "ಅದೇ ಹಕ್ಕಿ ಎನ್ನುವುದಕ್ಕೆ ಅದರ ಹತ್ತಿರ ಆಧಾರ್ ಕಾರ್ಡ್ ಇದೆಯೇ?" ಎಂದು ನನ್ನ ಹೆಂಡತಿ ಒಗ್ಗರಣೆಯ ಸೌಟು ಹಿಡಿದುಕೊಂಡೇ ಕೇಳಿದಳು. ನಿವೃತ್ತಿಯಾದ ಮನುಷ್ಯನ ಬಳಿ ಸಮಯವಿರುತ್ತದೆ, ಮೊಬೈಲ್ ಇರುತ್ತದೆ, ಹೆಂಡತಿಯ ಪ್ರಶ್ನೆಗೆ ಉತ್ತರ ಮಾತ್ರ ಇರುವುದಿಲ್ಲ. ಆ ಉತ್ತರವನ್ನು ಹುಡುಕಿಕೊಂಡು ನಾನು ರಾತ್ರಿಯೆಲ್ಲ ಓದತೊಡಗಿದೆ.

ಓದಿದ ಮೇಲೆ ತಿಳಿದದ್ದೆಂದರೆ, ಹಕ್ಕಿಗಳಿಗೆ ಕ್ರಮಬದ್ಧವಾಗಿ ಗುರುತುಪತ್ರ ಕೊಡಲು ಹೊರಟವನೂ ನನ್ನ ಹಾಗೆ ಒಬ್ಬ ಮೇಷ್ಟರೇ. ಡೆನ್ಮಾರ್ಕಿನ ವೀಬೋರ್ ಎಂಬ ಊರಿನ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್ ಮೊದಲು ಸತುವಿನ ಉಂಗುರ ಮಾಡಿ, ಅದು ಹಕ್ಕಿಗೆ ಭಾರವಾಗುತ್ತದೆಂದು ಕೈಬಿಟ್ಟು, 1899ರಲ್ಲಿ ಅಲ್ಯೂಮಿನಿಯಂ ಉಂಗುರಗಳ ಮೇಲೆ ಸಂಖ್ಯೆಯನ್ನೂ ವಿಳಾಸವನ್ನೂ ಕೆತ್ತಿ ಕಬ್ಬಕ್ಕಿಗಳ ಕಾಲಿಗೆ ತೊಡಿಸಿದ. ಹಕ್ಕಿ ಎಲ್ಲಾದರೂ ಸಿಕ್ಕಿದರೆ, ಇಲ್ಲವೇ ಸತ್ತು ಬಿದ್ದಿದ್ದರೆ, ಕಂಡವರು ಆ ವಿಳಾಸಕ್ಕೆ ಒಂದು ಕಾಗದ ಬರೆಯಬೇಕು, ವ್ಯವಸ್ಥೆ ಇಷ್ಟೇ. ಇದನ್ನು ನಾನು ಬಹಳ ಉತ್ಸಾಹದಿಂದ ವಿವರಿಸಿದಾಗ ನನ್ನ ಹೆಂಡತಿ, "ನನಗೂ 34 ವರ್ಷದ ಹಿಂದೆ ಕಾಲುಂಗುರ ತೊಡಿಸಿದ್ದೀರಿ, ನಾನು ಹಾಸನ ದಾಟಿ ಎಲ್ಲಿಗೂ ವಲಸೆ ಹೋದ ದಾಖಲೆ ಇಲ್ಲ" ಎಂದಳು. ಇಂಥ ಮಾತುಗಳು ವಿಜ್ಞಾನದ ದಾರಿಗೆ ಅಡ್ಡ ಬರಬಾರದು.

ನನ್ನ ತಲೆ ಪೂರ್ತಿಯಾಗಿ ಕೆಟ್ಟದ್ದು ದ್ವೀಪಗಳ ವಿಷಯ ಓದಿದ ಮೇಲೆ. ಶರತ್ಕಾಲದಲ್ಲಿ ಯುರೋಪಿನ ಉತ್ತರದಿಂದ ದಕ್ಷಿಣಕ್ಕೆ ಹೊರಡುವ ಸಣ್ಣ ಹಕ್ಕಿಗಳು ಹೆಚ್ಚಾಗಿ ರಾತ್ರಿಯ ಹೊತ್ತು ಹಾರುತ್ತವೆ. ಸಮುದ್ರದ ಮೇಲೆ ಮಂಜು ಕವಿದರೆ, ಎದುರುಗಾಳಿ ಬೀಸಿದರೆ, ಕಣ್ಣಿಗೆ ಬಿದ್ದ ಮೊದಲ ನೆಲಕ್ಕೆ ಉದುರಿದಂತೆ ಇಳಿಯುತ್ತವೆ. ಆ ನೆಲ ಒಂದು ಚಿಕ್ಕ ದ್ವೀಪವಾಗಿ, ಅಲ್ಲಿ ಇರುವುದೇ ನಾಲ್ಕು ಪೊದೆಯಾದರೆ, ಇಳಿದವರೆಲ್ಲ ಆ ನಾಲ್ಕು ಪೊದೆಯಲ್ಲೇ ಇರಬೇಕಲ್ಲ. ಜರ್ಮನಿಯ ಹೆಲಿಗೋಲ್ಯಾಂಡ್ ಅಂಥ ದ್ವೀಪ. ಎರಡು ಚದರ ಕಿಲೋಮೀಟರೂ ಇಲ್ಲ. ಹೈನ್ರಿಕ್ ಗಾಟ್ಕೆ ಎಂಬಾತ 1837ರಲ್ಲಿ ಚಿತ್ರ ಬರೆಯಲೆಂದು ಅಲ್ಲಿಗೆ ಹೋದವನು ಹಕ್ಕಿಗಳನ್ನು ನೋಡುತ್ತ ಸಾಯುವವರೆಗೆ ಅಲ್ಲೇ ಉಳಿದುಬಿಟ್ಟ. 50 ವರ್ಷಕ್ಕೂ ಮೇಲ್ಪಟ್ಟು ಅಷ್ಟು ಶ್ರದ್ಧೆಯಿಂದ ನೋಡಿದ ಆ ಪುಣ್ಯಾತ್ಮನೇ, ನೀಲಿಗಂಟಲಿನ ಒಂದು ಪುಟ್ಟ ಹಕ್ಕಿ ಆಫ್ರಿಕಾದಿಂದ ತನ್ನ ದ್ವೀಪಕ್ಕೆ ಒಂದೇ ರಾತ್ರಿಯಲ್ಲಿ ಹಾರಿ ಬರುತ್ತದೆಂದೂ ನಂಬಿದ್ದ. ಈ ವಿಷಯ ಓದಿದಾಗ ನನಗೆ ಆತನ ಮೇಲಿದ್ದ ಗೌರವ ಕಡಿಮೆಯಾಗಲಿಲ್ಲ, ಸಲಿಗೆ ಹೆಚ್ಚಾಯಿತು.

1910ರಲ್ಲಿ ಹ್ಯೂಗೋ ವೈಗೋಲ್ಡ್ ಅದೇ ದ್ವೀಪದಲ್ಲಿ ಪಕ್ಷಿ ವೀಕ್ಷಣಾಲಯ ಸ್ಥಾಪಿಸಿದ. ಅಲ್ಲಿ ರೂಪುಗೊಂಡ ಬೋನನ್ನು ಮಲೆನಾಡಿನವರಿಗೆ ವಿವರಿಸುವುದು ಬಹಳ ಸುಲಭ. ಗದ್ದೆಯ ತೂಬಿಗೆ ಹತ್ತುಮೀನಿಗಾಗಿ ಇಡುವ ಬಿದಿರಿನ ಕೂಳಿಯನ್ನು ಮನೆಯಷ್ಟು ದೊಡ್ಡದು ಮಾಡಿ, ಬಿದಿರಿನ ಬದಲು ತಂತಿಬಲೆ ಹೊದಿಸಿ, ಪೊದೆಗಳ ಮೇಲೆ ಕವುಚಿದರೆ ಅದೇ ಹೆಲಿಗೋಲ್ಯಾಂಡ್ ಬೋನು. ಅಗಲವಾದ ಬಾಯಿಯಿಂದ ಮೆಲ್ಲಗೆ ಪೊದೆ ತಟ್ಟುತ್ತ ಜನ ನಡೆದರೆ ಹಕ್ಕಿಗಳು ಮುಂದೆ ಮುಂದೆ ಹೋಗಿ, ಕಿರಿದಾದ ಕೊನೆಯ ಪೆಟ್ಟಿಗೆಯನ್ನು ಸೇರುತ್ತವೆ. ಆಮೇಲೆ ಒಂದೊಂದನ್ನೇ ಬಟ್ಟೆಯ ಚೀಲಕ್ಕೆ ಹಾಕಿ, ಉಂಗುರ ತೊಡಿಸಿ, ರೆಕ್ಕೆ ಅಳೆದು, ತಲೆಕೆಳಗಾಗಿ ಒಂದು ಡಬ್ಬಿಯೊಳಗೆ ಇಳಿಸಿ ತೂಕ ಮಾಡಿ, ಹೊಟ್ಟೆಯ ಪುಕ್ಕವನ್ನು ಬಾಯಿಂದ ಊದಿ ಸರಿಸಿ ಚರ್ಮದ ಕೆಳಗೆ ಎಷ್ಟು ಕೊಬ್ಬಿದೆ ಎಂದು ನೋಡಿ ಬಿಟ್ಟುಬಿಡುತ್ತಾರೆ. ಮುಂದಿನ ಪ್ರಯಾಣಕ್ಕೆ ಆ ಕೊಬ್ಬೇ ಬುತ್ತಿ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಫೇರ್ ದ್ವೀಪದಲ್ಲಿ 1948ರಲ್ಲಿ ಇಂಥದೇ ವೀಕ್ಷಣಾಲಯ ತೆರೆದ ಜಾರ್ಜ್ ವಾಟರ್ಸ್ಟನ್ ಅದರ ಯೋಜನೆ ಹಾಕಿದ್ದು ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕು ಖೈದಿಗಳ ಶಿಬಿರದಲ್ಲಿದ್ದಾಗ. ಖೈದಿಗೇ ಇಷ್ಟು ಸಾಧ್ಯವಾದರೆ ಪಿಂಚಣಿದಾರನಿಗೆ ಯಾಕಾಗದು ಎಂದುಕೊಂಡೆ.

ನಮ್ಮ ಸೀಮೆಗೂ ಈ ಉಂಗುರಕ್ಕೂ ಸಂಬಂಧವಿಲ್ಲ ಎಂದುಕೊಳ್ಳಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ಅದರ ವೈರಸ್ ರಷ್ಯಾದ ರಕ್ತ ಹೀರುವ ಉಣ್ಣೆ ಹುಳುಗಳ ವೈರಸ್ಸಿನ ದಾಯಾದಿಯಂತೆ ಕಂಡದ್ದರಿಂದ, ಉತ್ತರದಿಂದ ಬರುವ ಹಕ್ಕಿಗಳೇ ಅದನ್ನು ತಂದಿರಬಹುದೆಂಬ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಸಲೀಂ ಅಲಿಯವರ ಮುಂದಾಳತ್ವದಲ್ಲಿ, ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸಲು ತೊಡಗಿದ್ದು ಆ ನಂತರವೇ. ಕಳ್ಳ ಸಿಕ್ಕಿದನೋ ಇಲ್ಲವೋ, ಅನುಮಾನಕ್ಕೆ ಗುರಿಯಾದವರ ಕಾಲಿಗಂತೂ ಉಂಗುರ ಬಿತ್ತು.

ಹಕ್ಕಿಯನ್ನು ಹಿಡಿಯುವ ಉದ್ದೇಶ ನನಗೆ ಎಂದೂ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದಕ್ಕೆ ಅನುಮತಿ ಬೇಕು, ಅದಕ್ಕೂ ಮೊದಲು ತರಬೇತಿ ಪಡೆದ ಕೈ ಬೇಕು. ಆದರೆ ಉಂಗುರದವರು ಬಳಸುವ ಮಂಜು ಬಲೆಯ ರಚನೆ ನನಗೆ ಎಷ್ಟು ಓದಿದರೂ ಅರ್ಥವಾಗಲಿಲ್ಲ. ಜಪಾನಿನಲ್ಲಿ ಹಿಂದೆ ಬೇಟೆಗೆ ಬಳಸುತ್ತಿದ್ದ ಬಲೆ ಅದು. ಕೂದಲಿನಷ್ಟು ತೆಳುವಾದ ಕಪ್ಪು ನೂಲು, ಅಡ್ಡಡ್ಡಲಾಗಿ ನಾಲ್ಕೈದು ಬಿಗಿಯಾದ ದಾರ, ದಾರದಿಂದ ದಾರಕ್ಕೆ ಜೋತುಬಿದ್ದ ಸಡಿಲವಾದ ಮಡಿಲು. ಬಡಿದ ಹಕ್ಕಿ ಆ ಮಡಿಲಿಗೆ ಬಿದ್ದು ಮಲಗುತ್ತದೆ. ಇದನ್ನು ತಿಳಿಯಲು ನಾನು ಅಟ್ಟದಲ್ಲಿದ್ದ ಹಳೆಯ ಸೊಳ್ಳೆಪರದೆಯನ್ನು ತೆಗೆದು, ಎರಡು ಸಿಲ್ವರ್ ಓಕ್ ಮರಗಳ ನಡುವೆ, ಹಗ್ಗ ಕಟ್ಟಿ, ಮಡಿಲು ಬಿಟ್ಟು, ಒಂದು ಸಂಜೆ ಇಳಿಬಿಟ್ಟೆ. ಅಷ್ಟು ದಪ್ಪದ ಬಿಳಿ ಪರದೆ ಹಕ್ಕಿಗೆ ಒಂದು ಫರ್ಲಾಂಗಿನಿಂದಲೇ ಕಾಣುತ್ತದೆ, ಆ ಭಯ ಇರಲಿಲ್ಲ. ಬಿಚ್ಚುವುದು ಮರೆತುಹೋಯಿತು. ಬಲೆಯನ್ನು ಕಾವಲಿಲ್ಲದೆ ಬಿಡಬಾರದೆಂಬುದು ಈ ಕಸುಬಿನ ಮೊದಲ ನಿಯಮ.

ಮರುದಿನ ಬೆಳಿಗ್ಗೆ ಐದೂವರೆಗೆ, ಕೈ ಚಾಚಿದರೆ ಕೈ ಕಾಣದಂಥ ಮಂಜಿನಲ್ಲಿ, ಹಾಲು ಹಾಕುವವರು ತೋಟದ ಒಳದಾರಿಯಲ್ಲಿ ಸೈಕಲ್ ಮೇಲೆ ಬಂದರು. ಬಿಳಿಯ ಮಂಜಿನಲ್ಲಿ ಬಿಳಿಯ ಪರದೆ. ಆ ಬಲೆಯ ಹೆಸರು ಅಂದು ಸಾರ್ಥಕವಾಯಿತು. ಕೂಗು ಕೇಳಿ ನಾನು ಟಾರ್ಚ್ ಹಿಡಿದು ಓಡಿದಾಗ ಅವರು ಎರಡನೆಯ ಮಡಿಲಿನಲ್ಲಿದ್ದರು, ಸೈಕಲ್ ಮೂರನೆಯದರಲ್ಲಿತ್ತು, ಹಾಲಿನ ಕ್ಯಾನು ಮಾತ್ರ ಎಲ್ಲ ಮಡಿಲನ್ನೂ ದಾಟಿ ಕಾಫಿ ಗಿಡದ ಬುಡ ಸೇರಿತ್ತು. ನಾನು ಓದಿದ್ದ ಪ್ರಕಾರ, ಹಕ್ಕಿ ಯಾವ ಬದಿಯಿಂದ ಬಲೆಗೆ ಬಿತ್ತು ಎಂದು ಮೊದಲು ನೋಡಿಕೊಂಡು, ಕಾಲುಗಳನ್ನು ಮೊದಲು ಬಿಡಿಸಿ, ತಲೆಯನ್ನು ಕೊನೆಗೆ ಬಿಡಿಸಬೇಕು. ಅದರಂತೆ ನಾನು ಅವರ ಕಾಲಿನ ಬಳಿ ಕುಳಿತು ನಿಧಾನವಾಗಿ ಪರದೆ ಸರಿಸತೊಡಗಿದೆ. "ಮೇಷ್ಟ್ರೇ, ಉಸಿರಾಡೋದು ಕಾಲಲ್ಲಲ್ಲ, ಮೂಗಲ್ಲಿ, ಮೊದಲು ತಲೆ ಬಿಡಿಸಿ" ಎಂದು ಅವರು ಪರದೆಯೊಳಗಿನಿಂದ ಅರಚಿದರು. ಆರು ಲೀಟರ್ ಹಾಲಿನ ಹಣ ತೆತ್ತೆ. ಅಂದಿನಿಂದ ಅವರು ನಮ್ಮ ಗೇಟಿನ ಹೊರಗೆ ನಿಂತು ಬೆಲ್ ಬಾರಿಸುತ್ತಾರೆ, ಒಳಗೆ ಬರುವುದಿಲ್ಲ.

ಬಲೆಯನ್ನು ಬಿಟ್ಟೆ, ದ್ವೀಪವನ್ನು ಬಿಡಲಿಲ್ಲ. ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಶೆಟ್ಟಿಹಳ್ಳಿಯ ಹಳೆಯ ಚರ್ಚು ಅರ್ಧ ಮುಳುಗಿ ನಿಲ್ಲುವುದನ್ನು ನೋಡಲು ಜನ ದೂರದಿಂದ ಬರುತ್ತಾರೆ. ಆ ಹಿನ್ನೀರಿನಲ್ಲೇ ಬೇಸಿಗೆಯಲ್ಲಿ ಎಮ್ಮೆ ಮೇಯುವ ದಿಬ್ಬಗಳು ಮಳೆಗಾಲ ಮುಗಿಯುವ ಹೊತ್ತಿಗೆ ದ್ವೀಪಗಳಾಗಿರುತ್ತವೆ. ಒಂದು ಭಾನುವಾರ ಮೀನು ಹಿಡಿಯುವವರ ತೆಪ್ಪದಲ್ಲಿ ಕುಳಿತು, ಬೈನಾಕ್ಯುಲರ್, ನೋಟುಪುಸ್ತಕ ಮತ್ತು ಎಂಟು ಇಡ್ಲಿಗಳೊಂದಿಗೆ ಅಂಥದೊಂದು ದಿಬ್ಬಕ್ಕೆ ಇಳಿದೆ. ಪೊದೆಗಳು ನಾಲ್ಕೇ ಇದ್ದವು, ಶಾಸ್ತ್ರೋಕ್ತವಾಗಿ. ಮೂರು ಗಂಟೆ ಕಾದರೂ ಅವುಗಳೊಳಗೆ ಒಂದು ಓತಿಕ್ಯಾತ ಬಿಟ್ಟು ಬೇರೇನೂ ಕಾಣಲಿಲ್ಲ. ತೆಪ್ಪದವರು ಊಟ ಮುಗಿಸಿ, ಒಂದು ನಿದ್ದೆಯನ್ನೂ ಮುಗಿಸಿ ಬಂದಾಗ ನಾನು ಹೆಲಿಗೋಲ್ಯಾಂಡಿನ ತತ್ವವನ್ನು ಅವರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, ಹುಟ್ಟಿನಿಂದ ಎದುರಿನ ದಡ ತೋರಿಸಿ, "ಎರಡು ಸಲ ರೆಕ್ಕೆ ಬಡಿದರೆ ಅಲ್ಲಿ ಇಡೀ ತೋಪೇ ಇದೆಯಲ್ಲ ಸಾರ್, ಇಲ್ಲಿ ಯಾಕೆ ಇಳಿತವೆ?" ಎಂದರು. ನೋಟುಪುಸ್ತಕದಲ್ಲಿ ಅಂದಿನ ಪುಟಕ್ಕೆ ಇಡ್ಲಿಯ ಚಟ್ನಿ ಮಾತ್ರ ಅಂಟಿದೆ.

ಉಳಿದದ್ದು ಉಂಗುರ. ಹಕ್ಕಿಗೆ ತೊಡಿಸುವಂತಿಲ್ಲ, ನಿಜ. ಆದರೆ ತೊಟ್ಟವರಿಗೆ ಏನನ್ನಿಸುತ್ತದೆಂದು ತಿಳಿಯಬಾರದೆಂಬ ಕಾಯ್ದೆ ಇಲ್ಲ. ಹಳೆಯ ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳದಿಂದ ಒಂದು ಪಟ್ಟಿ ಕತ್ತರಿಸಿ, ಕಲ್ಲಿನ ಮೇಲೆ ತಟ್ಟಿ, ಅಂಚು ಉಜ್ಜಿ, ಮೊಳೆಯ ಮೊನೆಯಿಂದ ಹತ್ತು ಅಂಕಿಗಳ ಫೋನ್ ಸಂಖ್ಯೆ ಕೊರೆದೆ. ನನ್ನ ಸಂಖ್ಯೆ ನನಗೆ ಎಂದೂ ನೆನಪಿರುವುದಿಲ್ಲವಾದ್ದರಿಂದ ಹೆಂಡತಿಯದನ್ನೇ ಕೊರೆದೆ. ಅದನ್ನು ಎಡಗೈ ಕಿರುಬೆರಳಿಗೆ ಸುತ್ತಿ ಇಕ್ಕಳದಿಂದ ಒತ್ತಿದೆ. ಉಂಗುರದ ಎರಡು ತುದಿಗಳು ಒಂದಕ್ಕೊಂದು ಸರಿಯಾಗಿ ತಾಗಬೇಕು, ಒಂದರ ಮೇಲೊಂದು ಏರಬಾರದು, ತೊಡಿಸಿದ ಮೇಲೆ ಸಲೀಸಾಗಿ ತಿರುಗಬೇಕು ಎನ್ನುತ್ತಾರೆ. ನನ್ನದು ಏರಿತು, ತಿರುಗಲಿಲ್ಲ. ಕೊಬ್ಬರಿ ಎಣ್ಣೆ, ಸೋಪು, ದಾರ ಸುತ್ತಿ ಎಳೆಯುವ ಉಪಾಯ, ಪಕ್ಕದ ಮನೆಯವರ ಸಲಹೆಗಳು, ಎಲ್ಲ ಮುಗಿಯುವಷ್ಟರಲ್ಲಿ ಬೆರಳು ಚೆನ್ನಾಗಿ ಬೆಂದ ಕಡುಬಿನ ಆಕಾರಕ್ಕೆ ಬಂದಿತ್ತು.

ಹೆಂಡತಿ ತವರಿಗೆ ಹೋಗಿದ್ದ ದಿನವದು; ಅವಳಿಗೆ ಹೇಳದೆ ಹಾಸನದ ಬಸ್ಸು ಹತ್ತಿದೆ. ವರ್ಷಕ್ಕೊಮ್ಮೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ದಿನಗಳವು, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಶರತ್ಕಾಲದ ವಲಸೆಯೆಂದರೆ ಏನೆಂದು ಆ ಬಸ್ಸಿನಲ್ಲಿ ತಿಳಿದಷ್ಟು ನನಗೆ ದಿಬ್ಬದ ಮೇಲೆ ತಿಳಿದಿರಲಿಲ್ಲ. ಬೆರಳನ್ನು ಗಾಳಿಗೆ ಎತ್ತಿ ಹಿಡಿದುಕೊಂಡೇ ಹೋಗಿ, ಒಂದು ಓಣಿಯ ಅಕ್ಕಸಾಲಿಗರ ಮುಂದೆ ಚಾಚಿದೆ. ಅವರು ಕನ್ನಡಕ ಹಣೆಗೇರಿಸಿ ಭೂತಗನ್ನಡಿ ಹಿಡಿದು ನೋಡಿದರು.

"ಇದರ ಮೇಲೆ ಫೋನ್ ನಂಬರ್ ಇದೆಯಲ್ಲ, ಯಾಕೆ?"

"ನಾನು ಎಲ್ಲಾದರೂ ಸತ್ತು ಬಿದ್ದರೆ ಸಿಕ್ಕವರು ತಿಳಿಸಲಿ ಎಂದು" ಎಂದೆ. ಉಂಗುರದ ಉದ್ದೇಶವನ್ನು ನಾನು ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ನಿಖರವಾಗಿ ಅಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

ಅವರು ಕತ್ತರಿಯನ್ನು ಕೆಳಗಿಟ್ಟರು. ನನ್ನನ್ನು ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಹುಡುಗನನ್ನು ಕಾಫಿಗೆ ಕಳಿಸಿ, ಮಕ್ಕಳು ಚೆನ್ನಾಗಿ ನೋಡಿಕೊಳ್ಳುತ್ತಾರೆಯೇ, ಸಾಲವೇನಾದರೂ ಇದೆಯೇ ಎಂದು ವಿಚಾರಿಸುತ್ತಲೇ, ನನ್ನ ಕೈಯನ್ನು ಮೃದುವಾಗಿ ಹಿಡಿದುಕೊಂಡು ಉಂಗುರದಲ್ಲಿದ್ದ ಹತ್ತು ಅಂಕಿಗಳನ್ನು ಒತ್ತಿದರು. "ಅಮ್ಮಾ, ಹಾಸನದಿಂದ ಮಾತಾಡ್ತಿದ್ದೀನಿ. ನಿಮ್ಮವರೊಬ್ಬರು ಇಲ್ಲಿ ಸಿಕ್ಕಿದ್ದಾರೆ. ಜೀವಕ್ಕೇನೂ ಅಪಾಯವಿಲ್ಲ."

ಸಾವಿರಾರು ಉಂಗುರ ತೊಡಿಸಿದರೂ ಬೆರಳೆಣಿಕೆಯಷ್ಟು ಹಕ್ಕಿಗಳ ಸುದ್ದಿ ಮಾತ್ರ ಮರಳಿ ಬರುತ್ತದೆಂದು ಓದಿದ್ದೆ. ನಾನು ತೊಡಿಸಿದ್ದು ಒಂದೇ ಉಂಗುರ, ಸುದ್ದಿ ನಾಲ್ಕು ಗಂಟೆಯೊಳಗೆ ಮರಳಿತು. ಅತ್ತ ಕಡೆಯಿಂದ ಬಂದ ಮಾತುಗಳನ್ನು ಅಕ್ಕಸಾಲಿಗರು ನನಗೆ ಹೇಳಲಿಲ್ಲ. ಅವರ ಮುಖದಲ್ಲಿ ಮಾತ್ರ, ನನ್ನ ಮೇಲಿದ್ದ ಕನಿಕರ ಕ್ರಮೇಣ ಬೇರೆ ಕಡೆಗೆ ತಿರುಗಿದ್ದು ಕಾಣುತ್ತಿತ್ತು. ಉಂಗುರ ಕತ್ತರಿಸಿದ್ದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಈ ವರ್ಷ ಮಳೆ ತಡವಾಯಿತು, ಹಕ್ಕಿ ತಡಮಾಡಲಿಲ್ಲ. ಒಂದು ಬೆಳಿಗ್ಗೆ ನಾನು ಪತ್ರಿಕೆ ಓದುತ್ತಿರುವಾಗ ಹೆಂಡತಿ ಹಿತ್ತಿಲಿನಿಂದಲೇ, "ನಿಮ್ಮ ಕುಂಡೆಕುಸ್ಕ ಬಂತು, ಅದೇ ಹೋದ ವರ್ಷದ್ದು" ಎಂದು ಕೂಗಿದಳು.

ನಾನು ಪತ್ರಿಕೆ ಮಡಿಸಿಟ್ಟು, ಬಹಳ ದಿನದಿಂದ ಕಾಯ್ದಿಟ್ಟಿದ್ದ ಪ್ರಶ್ನೆಯನ್ನು ಕೇಳಿದೆ: "ಅದೇ ಎಂದು ಹೇಗೆ ಗೊತ್ತು? ಆಧಾರ್ ಕಾರ್ಡ್ ತೋರಿಸಿತೇ?"

"ಬಂದದ್ದೇ ನೆಟ್ಟಗೆ ಟ್ಯಾಂಕಿನ ಹಿಂದೆ ಪೈಪು ಸೋರುವ ಜಾಗಕ್ಕೆ ಹೋಗಿ ನಿಂತಿತು. ಹೊಸಬರಾಗಿದ್ದರೆ ಹುಡುಕಬೇಕಿತ್ತಲ್ಲ" ಎಂದು ಹೇಳಿ, ಆ ಪೈಪನ್ನು ಹೋದ ವರ್ಷದಿಂದಲೂ ರಿಪೇರಿ ಮಾಡಿಸದೆ ಬಿಟ್ಟವರು ಯಾರು ಎಂಬ ವಿಷಯಕ್ಕೆ ಬಂದಳು.