ಏಳೇ, ಬಂತು!

ನಿನ್ನೆ ರಾತ್ರಿ ಎರಡು ಗಂಟೆಗೆ ಇವರು ಮತ್ತೆ ಎಬ್ಬಿಸಿದರು. "ಏಳೇ, ಬಂತು!" ಬೆಂಗಳೂರಲ್ಲಿ ಕಾವೇರಿ ನೀರು ಬಿಟ್ಟಾಗ ಕೂಗುತ್ತಿದ್ದ ಅದೇ ದನಿ, ಅದೇ ಗಾಬರಿ. ಆಗಲಾದರೂ ನಲ್ಲಿ ಮನೆಯೊಳಗಿತ್ತು. ಇಲ್ಲಿ ಬಂದಿರುವುದು ಅರೋರಾ, ಧ್ರುವದ ಕಡೆಯ ರಾತ್ರಿ ಆಕಾಶದಲ್ಲಿ ಆಡುವ ಬಣ್ಣದ ಬೆಳಕು. ನೋಡಬೇಕೆಂದರೆ ಮೈನಸ್ 40ರ ಅಂಗಳಕ್ಕೆ ಇಳಿಯಬೇಕು. "ಮೈನಸ್ 40ಕ್ಕೆ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಕಣೇ" ಅನ್ನುವುದನ್ನೂ ತಪ್ಪದೆ ಹೇಳುತ್ತಾರೆ. ಆಯ್ತು ಮಹರಾಯರೇ, ನನ್ನ ಮೂಗಿಗೂ ಎರಡೂ ಒಂದೇ.

ಇದು ಅಮೆರಿಕದ ಅಲಾಸ್ಕಾದ ವೈಸ್‌ಮನ್ ಎಂಬ ಹಳ್ಳಿಯ ಹತ್ತಿರದ ಮರದ ಲಾಡ್ಜು. ಅಪ್ಪನ ನಿವೃತ್ತಿಗೆಂದು ಸಿಯಾಟಲ್ಲಿನ ಮಗ ಬುಕ್ ಮಾಡಿಕೊಟ್ಟದ್ದು. ಅಮ್ಮನ ನಿವೃತ್ತಿ ಯಾವಾಗ ಎಂದು ಯಾರೂ ಕೇಳಿಲ್ಲ. ಡಿಸೆಂಬರಿನಲ್ಲಿ ಸೂರ್ಯ ಬೆಟ್ಟದಾಚೆಯೇ ಉಳಿಯುತ್ತಾನೆ; ಮಧ್ಯಾಹ್ನ ಒಂದಿಷ್ಟು ನಸುಬೆಳಕು, ಮುಗಿಯಿತು. ಹಗಲೇ ಇಲ್ಲದ ಊರಲ್ಲಿ ನಿದ್ದೆಯಾದರೂ ಸಿಗಬೇಡವೇ?

ಎದ್ದು ಸಿದ್ಧವಾಗುವುದೇ ಒಂದು ಯಜ್ಞ. ಥರ್ಮಲ್ಲು, ಅದರ ಮೇಲೆ ಉಣ್ಣೆ, ಅದರ ಮೇಲೆ ಇನ್ನೊಂದು ಪ್ಯಾಂಟು, ಎರಡು ಜೊತೆ ಕಾಲುಚೀಲ, ಬಗ್ಗಲಾಗದ ಹೊಟ್ಟೆಯಲ್ಲಿ ಬಗ್ಗಿ ಬೂಟು. ಗ್ಲೌಸ್ ಹಾಕಿದ ಮೇಲೆ ಜಾಕೆಟ್ಟಿನ ಜಿಪ್ಪು ಸಿಗುವುದಿಲ್ಲ. ಗ್ಲೌಸ್ ಬಿಚ್ಚಿ ಜಿಪ್ಪೆಳೆದರೆ ಶಾಲು ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಇವರ ನೇರಪ್ರಸಾರ: "ಜೋರಾಯ್ತು! ಪರದೆ ಥರ ಆಡ್ತಿದೆ! ಬಾರೇ!" ಕೊನೆಗೊಮ್ಮೆ ಎಲ್ಲ ಮುಗಿದು ಬಾಗಿಲಿಗೆ ಕೈಯಿಟ್ಟಾಗ ಬಾತ್‌ರೂಮಿಗೆ ಹೋಗಬೇಕೆನಿಸುತ್ತದೆ. ಎಲ್ಲವನ್ನೂ ಬಿಚ್ಚಿ, ಮತ್ತೆ ಹಾಕಿ ಹೊರಗೆ ಬಂದರೆ ಕನ್ನಡಕದ ಮೇಲೆ ಉಸಿರು ಹೆಪ್ಪುಗಟ್ಟುತ್ತದೆ. ಒರೆಸಿ ನೋಡಿದರೆ ಬರೀ ಕತ್ತಲು. "ಛೇ, ಈಗ ತಾನೇ ಹೋಯ್ತು." ಆ "ಈಗ ತಾನೇ" ಇದೆಯಲ್ಲ, ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಆ ಚಳಿಯಲ್ಲೂ. ಹೋದದ್ದು ಏನು ಎಂಬ ಪಾಠ ಬೇರೆ: ನೂರು ಕಿಲೋಮೀಟರಿಗೂ ಎತ್ತರದಲ್ಲಿ ಆಮ್ಲಜನಕ ಸೂಸುವ ಹಸಿರು ಬೆಳಕಂತೆ ಅದು.

ಲಾಡ್ಜಿನ ಯಜಮಾನರಂತೂ ಮಾತೆತ್ತಿದರೆ ಚಿನ್ನದ ಕಥೆ. ಈ ಊರು ಹುಟ್ಟಿದ್ದೇ ಕಳೆದ ಶತಮಾನದ ಮೊದಲ ದಶಕದಲ್ಲಿ, ಪಕ್ಕದ ನೋಲನ್ ತೊರೆಯಲ್ಲಿ ಚಿನ್ನ ಸಿಕ್ಕಿ. 1974ರಲ್ಲಿ ತೈಲದ ಪೈಪಿಗಾಗಿ ಐದೇ ತಿಂಗಳಲ್ಲಿ ಡಾಲ್ಟನ್ ಹೆದ್ದಾರಿ ಹಾಕುವವರೆಗೆ ಚಳಿಗಾಲದ ಓಡಾಟಕ್ಕೆ ನಾಯಿಗಳು ಎಳೆಯುವ ಬಂಡಿ, ಇಲ್ಲವೇ ಸಣ್ಣ ವಿಮಾನ. ನನಗೆ ಹಿಡಿಸಿದ್ದು ಬಾಬ್ ಮಾರ್ಷಲ್ ಎಂಬ ಅರಣ್ಯತಜ್ಞ. 1930ರಲ್ಲಿ ಬಂದು ವರ್ಷದ ಮೇಲೆ ಇದ್ದು, ಊರವರು ಯಾವ ವಿಷಯಕ್ಕೆ ಎಷ್ಟು ಹೊತ್ತು ಮಾತಾಡುತ್ತಾರೆಂದು ಲೆಕ್ಕ ಬರೆದಿಟ್ಟ ಪುಣ್ಯಾತ್ಮ. ಆಮೇಲೆ ಈ ಊರಿನ ಬಗ್ಗೆ ಬರೆದ ಪುಸ್ತಕದಿಂದ ಬಂದ ಹಣದಲ್ಲಿ ಊರವರಿಗೂ ಪಾಲು ಕೊಟ್ಟ. ನಮ್ಮವರ ಮಾತನ್ನು ಅವನು ಲೆಕ್ಕ ಹಾಕಿದ್ದರೆ ಥರ್ಮಾಮೀಟರು, ಅರೋರಾ ಎಂದು ಎರಡೇ ಕಾಲಮ್ಮು ಸಾಕಾಗುತ್ತಿತ್ತು. ಪಾಲು ಮಾತ್ರ ನನಗೇ ಬರಬೇಕು.

ನಿನ್ನೆ ಒಳಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಶಿವಮೊಗ್ಗದಲ್ಲಿ ಆಗ ಸಂಜೆ ಐದರ ಮೇಲೆ. ಅಮ್ಮ ಕಾಫಿಗಿಟ್ಟು ಜಗಲಿಗೆ ಬಂದು ಕೂರುವ ಹೊತ್ತು. ವೈಫೈ ಹಿಡಿದು ಹಿಡಿದು ಕರೆ ಹೋಯಿತು. "ನಿಮ್ಮಲ್ಲಿ ಈಗೆಷ್ಟು ಗಂಟೆ? ಇಷ್ಟು ಹೊತ್ತಲ್ಲಿ ಎದ್ದಿದ್ದೀಯಲ್ಲೇ, ಹುಷಾರಿದ್ದೀಯಾ?" ಎಂದಳು. ಅಷ್ಟಕ್ಕೇ ಗಂಟಲು ಕಟ್ಟಿತು. ಹಿಂದುಗಡೆ ತರಕಾರಿ ಗಾಡಿಯವನ ಕೂಗು ಕೇಳಿಸಿತು. ಲೈನು ಕಡಿಯುವವರೆಗೂ ಅದನ್ನೇ ಕೇಳುತ್ತಾ ಕೂತೆ.

ಮಾರ್ಚಿನಲ್ಲಿ ಇನ್ನೂ ಜೋರಾಗಿ ಕಾಣಿಸುತ್ತದಂತೆ. ಬೆಳಗಿನಿಂದ ಇವರು ಯಜಮಾನರ ಹತ್ತಿರ ಬಾಡಿಗೆ ಚೌಕಾಸಿ ಮಾಡುತ್ತಿದ್ದಾರೆ.